ನಾರ್ವೆ ಮಾತಿಗೆ ಇಬ್ಬರ ಕಿವಿ

ನನಗೆ ಒಂದು ಕಡೆ ಕೂತಿರಲು ಬರುವುದಿಲ್ಲ. ಚಿಕ್ಕಂದಿನಿಂದಲೂ ಹಾಗೇ. ಕಾಲು ಅಲ್ಲಾಡಿಸುತ್ತಿರಬೇಕು, ಇಲ್ಲವೇ ಕೈಯಲ್ಲಿ ಏನಾದರೊಂದನ್ನು ತಿರುವುತ್ತಿರಬೇಕು. ಊಟದ ನಡುವೆ ಎರಡು ಸಲ ಏಳುತ್ತೇನೆಂದು ದಾವಣಗೆರೆಯಲ್ಲಿ ಅಮ್ಮ ಬೈಯದ ದಿನವಿರಲಿಲ್ಲ. ಇಂಥವಳಿಗೆ ಬೆಂಗಳೂರು ಕೊಟ್ಟ ಮೊದಲ ಕೆಲಸವೆಂದರೆ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ದಿನಕ್ಕೆ ಎಂಟು ಗಂಟೆ ಒಂದೇ ಕುರ್ಚಿಯಲ್ಲಿ ಕೂತು, ನಾರ್ವೆ ದೇಶದವರು ಹೇಳುವ ಪದಗಳನ್ನು ಕೇಳಿಸಿಕೊಳ್ಳುವುದು.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಗಾಜಿನ ಕಟ್ಟಡಗಳಿಗೆ ಬೆನ್ನು ಮಾಡಿಕೊಂಡಿದ್ದ ಒಂದು ರಟ್ಟಿನ ಡಬ್ಬಿ ಫ್ಯಾಕ್ಟರಿ, ಅದರ ಮಹಡಿಯ ಮೇಲೆ ನಮ್ಮ ಆಫೀಸು. ಮೂರೇ ಕೋಣೆ. ಕೆಳಗಿನಿಂದ ಅಂಟಿನ ವಾಸನೆ ಮೇಲೇರಿ ಬರುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ತಲೆ ಹಿಡಿದುಕೊಳ್ಳುತ್ತಿತ್ತು. ನಾರ್ವೆಯ ಯಾವುದೋ ಕಂಪನಿ, ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳುವ ಯಂತ್ರ ಮಾಡುತ್ತಿತ್ತಂತೆ. ಯಂತ್ರಕ್ಕೆ ಪ್ರತಿ ಪದವನ್ನೂ ಹೇಗೆ ತುಂಡು ಮಾಡಬೇಕು, ಯಾವ ತುಂಡಿನ ಮೇಲೆ ಒತ್ತು ಹಾಕಬೇಕು ಎಂದು ಹೇಳಿಕೊಡಬೇಕಲ್ಲ, ಆ ಪಟ್ಟಿ ತಯಾರಿಸುವ ಕೆಲಸ ನಮ್ಮ ಪಾಲಿಗೆ ಬಂದಿತ್ತು. ಕನ್ನಡ ಎಂ.ಎ.ಯಲ್ಲಿ ಭಾಷಾವಿಜ್ಞಾನದ ಒಂದು ಪತ್ರಿಕೆ ಓದಿದ್ದೆ ಎಂಬ ಒಂದೇ ಕಾರಣಕ್ಕೆ ನನ್ನನ್ನು ತೆಗೆದುಕೊಂಡರು. ಆ ಪತ್ರಿಕೆಯಲ್ಲಿ ನನಗೆ ಬಂದ ಅಂಕಗಳನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲು ಹೋಗಲಿಲ್ಲ.

ನಾರ್ವೆಯವರು ಪದಗಳನ್ನು ಒಂದಕ್ಕೊಂದು ಜೋಡಿಸುವುದರಲ್ಲಿ ನಮಗಿಂತ ಧಾರಾಳಿಗಳು. ನಾವು ಮಳೆ, ಕಾಲ ಎರಡನ್ನೂ ಕೂಡಿಸಿ ಮಳೆಗಾಲ ಎಂದು ಅಷ್ಟಕ್ಕೇ ಸುಮ್ಮನಾಗುತ್ತೇವೆ. ಅವರು ಕಬ್ಬಿಣ, ಹಾದಿ, ನಿಲ್ದಾಣ ಮೂರನ್ನೂ ಸೇರಿಸಿ 'ಯೇರ್ನ್‌ಬಾನೆಸ್ತಾಶೂನ್' ಎನ್ನುತ್ತಾರೆ, ರೈಲು ನಿಲ್ದಾಣವಾಗುತ್ತದೆ. ಮಕ್ಕಳು, ತೋಟ ಸೇರಿಸಿ 'ಬಾರ್ನೆಹಾಗೆ' ಎಂದರೆ ಶಿಶುವಿಹಾರ. ಕಾಯಿಲೆ, ಮನೆ ಸೇರಿದರೆ ಆಸ್ಪತ್ರೆ. ನಡುವೆ ಕೆಲವು ಕಡೆ ಒಂದು 'ಎ', ಕೆಲವು ಕಡೆ ಒಂದು 'ಸ್' ಬಂದು ಕೂರುತ್ತದೆ, ಅದಕ್ಕೆ ಸ್ವಂತ ಅರ್ಥವಿಲ್ಲ, ಎರಡು ತುಂಡುಗಳನ್ನು ಅಂಟಿಸುವುದಷ್ಟೇ ಅದರ ಕೆಲಸ. ವಸ್ತು ಯಾವುದು ಎಂದು ಹೇಳುವುದು ಕೊನೆಯ ತುಂಡು. ಆದರೆ ಜೋರಾಗಿ ಕೇಳಿಸುವುದು ಮೊದಲ ತುಂಡು. ಕೊನೆಯವನು ಮನೆಯ ಯಜಮಾನ, ಗಂಟಲು ಮಾತ್ರ ಮೊದಲನೆಯವನದು. ಕನ್ನಡದವರ ಕಿವಿಗೆ ಇದು ಸುಲಭಕ್ಕೆ ಹತ್ತುವುದಿಲ್ಲ, ಏಕೆಂದರೆ ನಾವು ಎಲ್ಲ ಅಕ್ಷರವನ್ನೂ ಸರಿಸಮವಾಗಿ ನೂಕಿಕೊಂಡು ಹೋಗುವವರು. ಮೊದಲ ವಾರ ನನಗೆ ಒತ್ತು ಎಲ್ಲಿ ಎಂಬುದೇ ತಿಳಿಯದೆ ಅಳು ಬಂದಿತ್ತು.

ನಾನು ಉಳಿದುಕೊಂಡಿದ್ದದ್ದು ಹೆಬ್ಬಗೋಡಿಯಲ್ಲಿ, ಒಂದು ಒಕ್ಕಲು ಮನೆತನದವರು ತಮ್ಮ ಹಿತ್ತಲಲ್ಲಿ ಸಾಲಾಗಿ ಕಟ್ಟಿಸಿದ್ದ ಆರು ಕೋಣೆಗಳಲ್ಲಿ ಒಂದರಲ್ಲಿ. ಐದರಲ್ಲಿ ಫ್ಯಾಕ್ಟರಿ ಹುಡುಗರು, ಆರನೆಯದರಲ್ಲಿ ನಾನು. ಮಾಲೀಕರ ಮನೆಗೆ ಅಂಟಿಕೊಂಡಿದ್ದ ಕೋಣೆಯಾದ್ದರಿಂದ ಹೆಣ್ಣುಮಗಳಿಗೆ ಕೊಟ್ಟಿದ್ದರು. ಎದುರಿಗೆ ಕೊಟ್ಟಿಗೆ, ಅದರ ಪಕ್ಕದಲ್ಲಿ ಬಟ್ಟೆ ಒಗೆಯುವ ಕಲ್ಲು. ಆ ಕಲ್ಲಿನ ಬಳಿಯೇ ನನಗೆ ಮನೆಯ ಸೊಸೆಯ ಪರಿಚಯವಾದದ್ದು. ನನಗಿಂತ ಎರಡು ವರ್ಷಕ್ಕೆ ಚಿಕ್ಕವಳು. ಪಿಯುಸಿ ಪಾಸಾಗಿ, ಟೈಪಿಂಗ್ ಕಲಿತು, ಮದುವೆಯಾಗಿ ಬಂದು ಮೂರು ಹಸುಗಳ ಚಾಕರಿಗೆ ನಿಂತಿದ್ದಳು. ಗಂಡ ಕಂಪನಿ ಬಸ್ಸು ಓಡಿಸುತ್ತಿದ್ದ. ನಾನು ಹೆಡ್‌ಫೋನಿನಲ್ಲಿ ಕೇಳಿದ್ದನ್ನು ಬಾಯಲ್ಲಿ ಗುನುಗುತ್ತಾ ಬಟ್ಟೆ ಒಗೆಯುವುದನ್ನು ನೋಡಿ ಒಂದು ದಿನ ತಾನೂ ಅದನ್ನೇ ಹೇಳಿದಳು. ನಾನು ಒಂದು ವಾರ ಒದ್ದಾಡಿದ ಪದವನ್ನು ಅವಳು ಎರಡನೇ ಸಲಕ್ಕೆ ಬಾಯಿಗೆ ಹಾಕಿಕೊಂಡಿದ್ದಳು.

"ಇದ್ಯಾವ ಬಾಸೆ ಅಕ್ಕ? ಬಟ್ಟೆ ಸೆಣೆದಂಗೈತೆ," ಎಂದಳು. ಹೇಳಿದ್ದಲ್ಲದೆ ಕಲ್ಲಿನ ಮೇಲೆ ಒದ್ದೆ ಸೀರೆಯನ್ನು ಒಮ್ಮೆ ಜೋರಾಗಿ, ಒಮ್ಮೆ ಮೆಲ್ಲಗೆ ಬಡಿದು ತೋರಿಸಿದಳು. ಜೋರಿನ ಬಡಿತ ಬಿದ್ದದ್ದು ಸರಿಯಾಗಿ ಮೊದಲ ತುಂಡಿಗೆ. ಎಂ.ಎ. ಮಾಡಿದ ನನಗೆ ಒತ್ತು ಎಂದರೇನೆಂದು ಅರ್ಥವಾದದ್ದು ಆಗಲೇ. ಇದನ್ನು ಅವಳಿಗೆ ಹೇಳಬೇಕಿತ್ತು. ಹೇಳಲಿಲ್ಲ.

ಆಫೀಸಿನಲ್ಲಿ ಪ್ರತಿ ಪಟ್ಟಿಗೂ ಇಬ್ಬರು ಬೇಕು. ಒಂದೇ ಪಟ್ಟಿಯನ್ನು ಇಬ್ಬರು ಬೇರೆ ಬೇರೆ ಕೋಣೆಯಲ್ಲಿ ಕೂತು ತಮ್ಮ ತಮ್ಮ ಕ್ಯಾಸೆಟ್ ಕೇಳಿ ಗುರುತು ಹಾಕಬೇಕು, ಆಮೇಲೆ ಕಂಪ್ಯೂಟರು ಎರಡನ್ನೂ ಹೋಲಿಸಿ ಎಲ್ಲೆಲ್ಲಿ ಬೇರೆ ಬಂದಿದೆ ಎಂದು ತೋರಿಸುತ್ತದೆ. ನನ್ನ ಜೋಡಿಯ ಹುಡುಗ ಒಂದೂವರೆ ತಿಂಗಳಿಗೆ ಬೇಸತ್ತು ಬಿಟ್ಟುಹೋದ. ಜೋಡಿ ಇಲ್ಲದಿದ್ದರೆ ನನ್ನ ಕೆಲಸಕ್ಕೂ ಬೆಲೆಯಿಲ್ಲ. ನಾನು ಸೂಪರ್‌ವೈಸರ್ ಮುಂದೆ ಮನೆಮಾಲೀಕರ ಸೊಸೆಯ ಮಾತೆತ್ತಿದೆ. ಅವರು ಅವಳನ್ನು ಕರೆಸಿ, ಐವತ್ತು ಪದ ಕೇಳಿಸಿ, ಅವಳ ಗುರುತುಗಳನ್ನು ನೋಡಿ ಹುಬ್ಬೇರಿಸಿದರು.

ಇನ್ನುಳಿದದ್ದು ಅವಳ ಮಾವನ ಒಪ್ಪಿಗೆ. ಮಾವ ಜಗಲಿಯ ಮೇಲೆ ಕೂತು ನನ್ನನ್ನೂ ಅವಳನ್ನೂ ಎದುರಿಗೆ ನಿಲ್ಲಿಸಿಕೊಂಡು ತುಂಬಾ ಹೊತ್ತು ಎಲೆಯಡಿಕೆ ಜಗಿದರು.

"ಆರ್ ತಿಂಗ್ಳು ಓಗಿ ಬರ್ಲಿ," ಎಂದರು ಕೊನೆಗೆ. "ಪರ್ಮನೆಂಟ್ ಆದ್ರೆ ಸರಿ, ಓಗ್ತಿರ್ಲಿ, ನಾನು ಬ್ಯಾಡ ಅನ್ನಕಿಲ್ಲ. ಆಗ್ಲಿಲ್ಲ ಅಂದ್ರೆ ಸುಮ್ಕೆ ಮನೇಲಿದ್ದು ಅಸ ನೋಡ್ಕೊಳ್ಲಿ. ಮತ್ತೆ ಕೆಲ್ಸ ಅಂತ ಯಾರೂ ಬಾಯಿ ಬಿಡಂಗಿಲ್ಲ."

ಅವಳು ತಲೆ ತಗ್ಗಿಸಿಕೊಂಡೇ ಒಳಗೆ ಹೋದಳು. ಐದು ನಿಮಿಷ ಬಿಟ್ಟು ಕೊಟ್ಟಿಗೆಯ ಹಿಂದೆ ಸಿಕ್ಕಿ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಬಳೆ ಒತ್ತಿ ಗುರುತು ಬಿತ್ತು. "ಅಕ್ಕ, ಎಂಗಾದ್ರೂ ಮಾಡಿ ಪರ್ಮನೆಂಟ್ ಆಗ್ಬೇಕು. ಇಲ್ಲಾಂದ್ರೆ ನಾನು ಈ ಗೇಟ್ ದಾಟೋದು ಇನ್ನು ಸಂತೆಗೆ, ಆಸ್ಪತ್ರೆಗೆ ಅಷ್ಟೇ," ಎಂದಳು.

ಹೊಸೂರು ರಸ್ತೆಯ ಬಸ್ಸಿನಲ್ಲಿ ನಾವಿಬ್ಬರೂ ಒಟ್ಟಿಗೆ ಹೋಗಿಬರತೊಡಗಿದೆವು. ಸೀಟು ಸಿಕ್ಕಿದರೂ ನಾನು ನಿಂತೇ ಇರುತ್ತಿದ್ದೆ. ಅವಳು ಕೂತು, ನನ್ನ ಬ್ಯಾಗನ್ನೂ ತೊಡೆಯ ಮೇಲಿಟ್ಟುಕೊಂಡು, ಕಿಟಕಿಯ ಆಚೆ ಹೊಸದಾಗಿ ಏಳುತ್ತಿದ್ದ ಗೋಡೆಗಳನ್ನು ಬಾಯಿ ತೆರೆದು ನೋಡುತ್ತಿದ್ದಳು. ಆ ಗೋಡೆಗಳಲ್ಲಿ ಕೆಲವು ಎದ್ದದ್ದು ಅವಳ ಗಂಡನ ಮನೆಯವರು ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ.

ಆಫೀಸಿನಲ್ಲಿ ಜೋಡಿಗಳು ಕೆಲಸದ ಬಗ್ಗೆ ಒಬ್ಬರಿಗೊಬ್ಬರು ಮಾತಾಡಬಾರದೆಂಬ ನಿಯಮವಿತ್ತು. ಯಾಕೆ ಎಂದು ಯಾರೂ ವಿವರಿಸಲಿಲ್ಲ. ವಿವರಿಸದೆ ಇದ್ದದ್ದಲ್ಲದೆ, ಪ್ರತಿ ದಿನ ಸಂಜೆ ಎಲ್ಲ ಜೋಡಿಗಳ ಹಿಂದಿನ ದಿನದ ವ್ಯತ್ಯಾಸಗಳನ್ನು ಅಚ್ಚು ಹಾಕಿ ನೋಟೀಸ್ ಬೋರ್ಡಿಗೆ ಅಂಟಿಸುತ್ತಿದ್ದರು. ಯಾರ ಜೋಡಿಯಲ್ಲಿ ಹೆಚ್ಚು ಬೇರೆ ಬಂದಿದೆಯೋ ಅವರು ಆ ಹಾಳೆಯ ಎದುರು ತಲೆ ಕೆರೆದುಕೊಂಡು ನಿಲ್ಲುತ್ತಿದ್ದರು. "ಮಿಸ್‌ಮ್ಯಾಚ್ ಕಮ್ಮಿ ಮಾಡ್ಕೊಳ್ರೀ," ಎಂದು ಸೂಪರ್‌ವೈಸರ್ ಹೋಗುತ್ತಾ ಬರುತ್ತಾ ಹೇಳುತ್ತಿದ್ದರು. ಕಮ್ಮಿ ಮಾಡಿಕೊಳ್ಳಬೇಕು, ಮಾತಾಡಬಾರದು. ಇದು ಆಗುಹೋಗುವ ಮಾತೇ?

ದಿನದ ಗುರುತುಗಳನ್ನು ಮರುದಿನ ಹತ್ತು ಗಂಟೆಯವರೆಗೆ ತಿದ್ದಬಹುದಿತ್ತು. ಆಮೇಲೆ ಬೀಗ. ಎರಡನೇ ವಾರದಲ್ಲಿ ನಮ್ಮ ಜೋಡಿಯ ಹೆಸರು ನೋಟೀಸ್ ಬೋರ್ಡಿನಲ್ಲಿ ಎಲ್ಲರಿಗಿಂತ ಮೇಲೆ ಬಂತು. ಅವಳು ಆ ಹಾಳೆಯನ್ನು ನೋಡಿ ಬಿಳಿಚಿಕೊಂಡಳು. ಸಂಜೆ ನಾನು ಒಗೆಯುವ ಕಲ್ಲಿನ ಹತ್ತಿರ ಬಂದಾಗ ಕಾದು ನಿಂತಿದ್ದಳು.

"ಅಕ್ಕ, ನಮ್ಮನೇಲಿ ಒಂದ್ ಪದ್ಧತಿ ಐತೆ," ಎಂದು ಶುರುಮಾಡಿದಳು. ಫ್ಯಾಕ್ಟರಿಗಳಿಗೆಂದು ಜಮೀನು ಅಳತೆಯಾದಾಗ ಅವಳ ಮಾವನೂ ಮಾವನ ಅಣ್ಣತಮ್ಮಂದಿರೂ ಅಧಿಕಾರಿಯ ಎದುರು ಒಬ್ಬೊಬ್ಬರು ಒಂದೊಂದು ಗಡಿ ಹೇಳಿ, ಪರಿಹಾರದ ದುಡ್ಡಿಗೆ ವರ್ಷಗಟ್ಟಲೆ ಅಲೆದಾಡಿದ್ದರಂತೆ. ಅಂದಿನಿಂದ ಆ ಮನೆಯಲ್ಲಿ ಕಟ್ಟುನಿಟ್ಟು. ಒಳಗೆ ಎಷ್ಟಾದರೂ ಕಚ್ಚಾಡಲಿ, ಹೊಸ್ತಿಲು ದಾಟುವ ಮುಂಚೆ ಎಲ್ಲರೂ ಕೂತು ಒಂದು ಮಾತಿಗೆ ಬರಬೇಕು, ಹೊರಗೆ ಎಲ್ಲರ ಬಾಯಲ್ಲೂ ಅದೇ ಬರಬೇಕು. ಮದುವೆಗೆ ಹೋಗುವಾಗ ಎಷ್ಟು ಗಂಟೆಗೆ ಹೊರಟೆವು ಎಂಬುದಕ್ಕೂ ಈ ಪದ್ಧತಿ ಅನ್ವಯವಾಗುತ್ತಿತ್ತು. "ನಾವೂ ಅಂಗೇ ಮಾಡಾನ. ಸಂಜೆ ಇಲ್ಲಿ ಮಾತಾಡ್ಕಳಾನ, ಬೆಳಿಗ್ಗೆ ಓಗಿ ತಿದ್ದಾನ. ಆಚೆ ಒಂದೇ ಮಾತು."

ನನಗೆ ಇದಕ್ಕಿಂತ ಬುದ್ಧಿವಂತಿಕೆಯ ಮಾತು ಇರಲಾರದು ಅನಿಸಿತು. ಎಂ.ಎ. ಪದವೀಧರೆ ತಕ್ಷಣ ಒಪ್ಪಿಕೊಂಡಳು.

ಪಟ್ಟಿಯನ್ನು ಮನೆಗೆ ತರುವಂತಿರಲಿಲ್ಲ. ತರುವ ಅಗತ್ಯವೂ ಬೀಳಲಿಲ್ಲ. ಅನುಮಾನ ಬಂದ ಪದಗಳನ್ನೆಲ್ಲ ಅವಳು ಬಾಯಲ್ಲೇ ಹೊತ್ತುಕೊಂಡು ಬರುತ್ತಿದ್ದಳು, ಮೂವತ್ತು, ನಲವತ್ತು, ಕೆಲವು ದಿನ ಇನ್ನೂ ಹೆಚ್ಚು. ಸಂಜೆ ಹಾಲು ಕರೆದು ಮುಗಿಸಿ ಕಲ್ಲಿನ ಬಳಿ ಬಂದು ಒಂದೊಂದೇ ಪದ ಹೇಳುವಳು. ಆಫೀಸಿನ ಕುರ್ಚಿಗೆ 'ಕುಂತೂರ್‌ಸ್ತೂಲ್' ಎನ್ನುತ್ತಾರೆಂದು ತಿಳಿದ ದಿನ ನಕ್ಕು ನಕ್ಕು ಬಕೆಟ್ ಮೇಲೆಯೇ ಕೂತುಬಿಟ್ಟಳು. "ಕುಂತ್ಕಳೋ ಸ್ಟೂಲು! ನಮ್ಮೋರೇ ಯಾರೋ ಅಲ್ಲಿಗೆ ಓಗವ್ರೆ ಅಕ್ಕ!"

ಆದರೆ ಒತ್ತಿನ ಪ್ರಶ್ನೆ ಬಂದಾಗ ಜಗಳ. ಆ ಪದದ ಮೊದಲ ಭಾಗ 'ಕುಂತೂರ್', ಎಂದರೆ ಆಫೀಸು. ನನಗೆ ಒತ್ತು 'ತೂರ್' ಮೇಲೆ ಕೇಳಿಸಿತ್ತು. ಅವಳಿಗೆ 'ಕುಂ' ಮೇಲೆ. ಬೇರೆ ಭಾಷೆಗಳಿಂದ ಬಂದ ಪದಗಳಲ್ಲಿ ಒತ್ತು ಎಷ್ಟೋ ಸಲ ಹಿಂದಿನ ತುಂಡಿಗೆ ಬೀಳುತ್ತದೆ ಎಂದು ಕಂಪನಿ ಕೊಟ್ಟಿದ್ದ ಎರಡು ಪುಟದ ಇಂಗ್ಲಿಷ್ ಸೂಚನೆಯಲ್ಲಿ ಇತ್ತು. ನಾನು ಆ ಎರಡು ಪುಟವನ್ನು ಸಂವಿಧಾನದ ಹಾಗೆ ಎತ್ತಿ ತೋರಿಸುತ್ತಿದ್ದೆ. ಅವಳಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಎರಡು ಸಲ ತನ್ನದನ್ನು ಹೇಳುವಳು, ಮೂರನೆಯ ಸಲ ಸುಮ್ಮನಾಗುವಳು. ಮರುದಿನ ಬೆಳಿಗ್ಗೆ ಅವಳ ಗುರುತು ನನ್ನ ಗುರುತಾಗುತ್ತಿತ್ತು.

ಆಲೂಗಡ್ಡೆ ಹೊಲದ ಪದದ ದಿನ ಮಾತ್ರ ಅವಳು ಸುಲಭಕ್ಕೆ ಬಗ್ಗಲಿಲ್ಲ. 'ಪೊತೇತ್‌ಓಕೆರ್'. ನಾನು 'ತೇತ್' ಮೇಲೆ ಎಂದೆ. ಅವಳು ಸೋಪು ಹಚ್ಚಿದ ಅಂಗಿಯನ್ನು ಕಲ್ಲಿಗೆ ಬಡಿದು 'ಪೊ' ಎಂದಳು.

"ಪೊ! ಮೊದ್ಲಿಗೇ ಬೀಳ್ತೈತೆ ಅಕ್ಕ. ಆ ತಾತ ಪೊ ಅಂತ ಎತ್ತಾಕಿ ಒಡೀತಾನೆ. ನಾಕ್ ಸಲ ಕೇಳ್ದೆ ನಾನು."

"ತಾತ ಎಲ್ಲಿಂದ ಬಂದ? ನಲವತ್ತರ ಒಳಗಿನ ದನಿ ಅದು."

"ತಾತನೇ ಅಕ್ಕ. ಕೆಮ್ಮುತಾನೆ ಮದ್ಯ ಮದ್ಯ."

ನಾನು ಕೇಳುವ ಕ್ಯಾಸೆಟ್ಟಿನಲ್ಲಿ ರೇಡಿಯೋದಲ್ಲಿ ವಾರ್ತೆ ಓದುವಂಥ ನಯವಾದ ಗಂಡಸಿನ ದನಿ. ಕೆಮ್ಮು ಕೇಳಿದ್ದೇ ಇಲ್ಲ. ಆ ಕ್ಷಣ ಒಂದು ನಿಮಿಷ ನಿಂತು ಯೋಚಿಸಿದ್ದರೆ ಸಾಕಿತ್ತು. ಆದರೆ ನನಗೆ ನಿಂತು ಯೋಚಿಸಿ ಅಭ್ಯಾಸವಿಲ್ಲ, ಗೆಲ್ಲುವ ಆತುರ ಬೇರೆ. ಇವಳಿಗೆ ಗಂಡಸರೆಲ್ಲ ತಾತಂದಿರೇ ಎಂದುಕೊಂಡೆ.

"ನೋಡು, ನಿಂಗೆ 'ಹ' ಅನ್ನೋದೇ ಕೇಳಿಸಲ್ಲ. ಹೇಳು ಅನ್ನೋಕೆ ಏಳು ಅಂತೀಯ. ಇನ್ನು ನಾರ್ವೆಯವರ ಒತ್ತು ನಿಂಗೆ ಹೆಂಗೆ ಕೇಳಿಸುತ್ತೆ?" ಎಂದೆ.

ಅವಳ ಮುಖ ಸಣ್ಣದಾಯಿತು. ಅಂಗಿಯನ್ನು ಹಿಂಡಿ ಬಕೆಟ್ಟಿಗೆ ಹಾಕಿದಳು. "ಸರಿ ಬುಡಿ ಅಕ್ಕ, ನೀವು ಏಳ್ದಂಗೇ ಆಗ್ಲಿ," ಎಂದಳು. ನಾನು ಗೆದ್ದೆ. ಇಂದು ಬರೆಯುವಾಗ ಕೈಯನ್ನೇ ಕಚ್ಚಿಕೊಳ್ಳೋಣ ಅನಿಸುತ್ತದೆ.

ಒಂದೇ ತಿಂಗಳಲ್ಲಿ ನಮ್ಮ ಜೋಡಿಯ ಎದುರಿಗೆ ಸೊನ್ನೆ ಬರತೊಡಗಿತು. ಮೊದಲು ವಾರಕ್ಕೊಮ್ಮೆ, ಆಮೇಲೆ ದಿನಾಲೂ. ಸೂಪರ್‌ವೈಸರ್ ನಮ್ಮ ಹಾಳೆಯನ್ನು ಬೇರೆಯವರಿಗೆ ತೋರಿಸಿ, "ಇವ್ರನ್ನ ನೋಡಿ ಕಲೀರಿ," ಎಂದರು. ಆರನೆಯ ತಿಂಗಳು ಶುರುವಾದಾಗ ನಮ್ಮಿಬ್ಬರ ಪರ್ಮನೆಂಟ್ ಕಾಗದಗಳೂ ಟೈಪಾಗಿ ಸಹಿಗೆ ಹೋಗಿವೆ ಎಂಬ ಸುದ್ದಿ ಬಂತು. ಅವಳು ಆ ಸಂಜೆ ಮಾವನಿಗೆ ಹೇಳಿಯೇಬಿಟ್ಟಳು. ಮಾವ ಹಸು ನೋಡಿಕೊಳ್ಳಲು ತಮ್ಮನ ಮಗಳನ್ನು ಕೇಳೋಣ ಎಂದರಂತೆ. ಅವಳಿಗೆ ಅದೇ ಹಬ್ಬ.

ನನಗೆ ಮಾತ್ರ ಆ ದಿನಗಳಲ್ಲಿ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಖುಷಿಗಲ್ಲ. ಏನೋ ತಪ್ಪಿದೆ ಎಂಬ ಗುಮಾನಿ, ಯಾವುದು ಎಂದು ಗೊತ್ತಾಗುತ್ತಿರಲಿಲ್ಲ. ಬೆಳಿಗ್ಗೆ ಬೀಗ ಹಾಕಿದ ಕೋಣೆಯನ್ನು ಮತ್ತೆ ತೆಗೆದು ನೋಡುತ್ತಿದ್ದೆ. ಬಸ್ಸು ಬರುವ ಮುಂಚೆಯೇ ಮುಂದಿನ ಸ್ಟಾಪಿಗೆ ನಡೆದುಬಿಡುತ್ತಿದ್ದೆ, ಅವಳು ನನ್ನ ಹಿಂದೆ ಓಡೋಡಿ ಬರುತ್ತಿದ್ದಳು. ಹೆಡ್‌ಫೋನ್ ಹಾಕಿಕೊಂಡರೆ ಪದಕ್ಕಿಂತ ನನ್ನ ಕಾಲು ಮೇಜಿಗೆ ಬಡಿಯುವ ಸದ್ದೇ ಹೆಚ್ಚಾಗಿ ಕೇಳುತ್ತಿತ್ತು.

ಒಂದು ಬುಧವಾರ ಬೆಳಿಗ್ಗೆ ನಾರ್ವೆಯಿಂದ ಫ್ಯಾಕ್ಸ್ ಬಂತು. ಸೂಪರ್‌ವೈಸರ್ ಮೊದಲು ನನ್ನನ್ನು ಕರೆದರು. ಬಾಗಿಲು ಹಾಕಿ, ಹಾಳೆಯನ್ನು ನನ್ನ ಕಡೆ ತಿರುಗಿಸಿ, ಪೆನ್ನಿನ ತುದಿಯಿಂದ ಸಾಲುಸಾಲಾಗಿ ತೋರಿಸಿದರು.

"ಎರಡು ಕ್ಯಾಸೆಟ್ಟೂ ಒಂದೇ ಅಂತ ನಾನೂ ಅಂದ್ಕೊಂಡಿದ್ದೆ ಕಣ್ರೀ. ಅಲ್ವಂತೆ. ನಿಮ್ ಕ್ಯಾಸೆಟ್ಟಲ್ಲಿ ಓದಿರೋನು ಒಬ್ಬ, ಪಟ್ಟಣದೋನು. ನಿಮ್ ಜೋಡಿಯವ್ರ ಕ್ಯಾಸೆಟ್ಟಲ್ಲಿ ಓದಿರೋನು ಇನ್ನೊಬ್ಬ, ಒಳನಾಡಿನ ಹಳ್ಳಿ ಮುದುಕ. ಆ ಕಡೆಯೋರು ಇಂಥ ಪದಗಳಿಗೆಲ್ಲ ಮೊದಲಲ್ಲೇ ಒತ್ತು ಹಾಕ್ತಾರಂತೆ. ಎರಡೂ ಥರ ಬೇಕು ಅಂತಾನೇ ಇಬ್ಬರ ಹತ್ರ ಓದ್ಸಿರೋದು. ಬೇರೆ ಬರ್ಬೇಕಿತ್ತು ಇದು. ದಿನಕ್ಕೆ ಇಪ್ಪತ್ತು ಮೂವತ್ತು ಪದ ಪಕ್ಕಾ ಬೇರೆ ಬರ್ಬೇಕಿತ್ತು. ನಿಮ್ದು ಎಲ್ಲಾ ಒಂದೇ."

ನನ್ನ ಕಿವಿ ಬಿಸಿಯಾಯಿತು. ಕೆಮ್ಮುವ ತಾತ ಕಣ್ಣೆದುರಿಗೆ ಬಂದು ನಿಂತ.

"ಎಲ್ಲಾನೂ ನಿಮ್ ಕ್ಯಾಸೆಟ್ಟಿಗೆ ಹೊಂದುತ್ತೆ, ಅವರದಕ್ಕೆ ಹೊಂದಲ್ಲ. ಅಂದ್ರೆ ಅವರು ಕೇಳ್ದೇನೇ ನಿಮ್ದು ಕಾಪಿ ಹೊಡೆದವ್ರೆ ಅಂತ ಕ್ಲೈಂಟ್ ಬರ್ದಿದಾನೆ. ನೀವು ಹೇಳಿ. ಕಾಪಿ ಆಗಿದ್ರೆ ಒಬ್ರನ್ನ ಕಳ್ಸಿ, ಕೆಲ್ಸ ಉಳಿಸ್ಕೋತೀನಿ. ಇಬ್ಬರೂ ಕೂತು ಮಾತಾಡ್ಕೊಂಡಿದ್ರೆ ಇಬ್ಬರೂ ಮನೆಗೆ. ನನ್ನ ಕೈಯಲ್ಲಿ ಏನೂ ಇಲ್ಲ."

ಇಲ್ಲಿ ನಾನು ಹೇಳಬೇಕಾಗಿದ್ದ ವಾಕ್ಯ ತುಂಬಾ ಚಿಕ್ಕದು. ಅವಳಿಗೆ ಸರಿಯಾಗಿ ಕೇಳಿಸಿತ್ತು ಸಾರ್, ನಾನೇ ಬದಲಾಯಿಸಲು ಹೇಳಿದೆ. ಅಷ್ಟೇ. ಆ ವಾಕ್ಯ ನಾಲಿಗೆಯ ತುದಿಯವರೆಗೂ ಬಂದಿತ್ತು. ದಾವಣಗೆರೆಗೆ ವಾಪಸು ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಲ್ಲುವುದು ನೆನಪಾಯಿತು. ಮೇಜಿನ ಮೇಲಿದ್ದ ಪಿನ್ನುಗಳ ಡಬ್ಬಿಯನ್ನು ಎತ್ತಿಕೊಂಡು ತಿರುಗಿಸುತ್ತಾ ಹೇಳಿದೆ, "ನನ್ನದು ನಾನೇ ಬರೆದೆ ಸಾರ್."

ಸುಳ್ಳಲ್ಲ. ಅದು ಸುಳ್ಳಲ್ಲ ಎಂಬುದೇ ನನಗೆ ಆಗ ದೊಡ್ಡ ಆಸರೆಯಾಗಿ ಕಂಡಿತು.

ಹೊರಗೆ ಬಂದಾಗ ಅವಳು ಕಾರಿಡಾರಿನಲ್ಲಿ ನಿಂತಿದ್ದಳು. ಫ್ಯಾಕ್ಸಿನ ಸುದ್ದಿ ಅರ್ಧಂಬರ್ಧ ಎಲ್ಲರಿಗೂ ತಲುಪಿತ್ತು. ನನ್ನ ಮುಖ ನೋಡಿ ಹತ್ತಿರ ಬಂದಳು.

"ಒಳಗೆ ಏನ್ ಏಳಿದ್ರಿ ಅಕ್ಕ?"

"ನನ್ನದು ನಾನೇ ಬರೆದೆ ಅಂದೆ."

ಅವಳು ಒಂದು ಗಳಿಗೆ ನನ್ನನ್ನೇ ನೋಡಿದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. "ಸರಿ ಅಕ್ಕ," ಎಂದಳು. ಬಾಗಿಲು ತಳ್ಳಿಕೊಂಡು ಒಳಗೆ ಹೋದಳು. ಆ ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ. ನಾನು ಅಲ್ಲಿಂದ ಹೋಗಿಬಿಡಬೇಕಿತ್ತು, ಜೀವಮಾನದಲ್ಲಿ ಒಂದೇ ಸಲ ನನ್ನ ಕಾಲು ನಿಂತಲ್ಲೇ ನಿಂತವು. ಸೂಪರ್‌ವೈಸರ್ ಕೇಳಿದ್ದೂ ಕೇಳಿಸಿತು, ಅವಳು ಹೇಳಿದ್ದೂ ಕೇಳಿಸಿತು.

"ಅವ್ರದ್ದು ಅವ್ರೇ ಬರ್ದವ್ರೆ ಸಾರ್. ನಾನೇ ನೋಡ್ಕೊಂಡು ಬರ್ದೆ. ಅವ್ರಿಗೆ ಗೊತ್ತಿಲ್ಲ."

ಮಧ್ಯಾಹ್ನದ ಊಟಕ್ಕೆ ಮೊದಲೇ ಅವಳ ಲೆಕ್ಕ ಮುಗಿಸಿ ಕಳಿಸಿದರು. ನಾನು ಅರ್ಧ ದಿನ ರಜೆ ಕೇಳಿ ಅವಳ ಜೊತೆ ಹೊರಟೆ. ಬಸ್ಸು ಖಾಲಿಯಿತ್ತು. ಅವಳು ಎಂದಿನಂತೆ ಕಿಟಕಿಯ ಬಳಿ ಕೂತು ನನ್ನ ಬ್ಯಾಗಿಗೆ ಕೈಚಾಚಿದಳು. ನಾನು ಕೊಡಲಿಲ್ಲ. ಒಮ್ಮೆಯಾದರೂ ಬೈಯಲಿ, ಅಳಲಿ ಎಂದು ಕಾಯುತ್ತಿದ್ದೆ. ಅವಳು ಮನೆಯಲ್ಲಿ ಬೂಸಾ ಮುಗಿದಿದೆ, ಇಳಿದು ತೆಗೆದುಕೊಂಡೇ ಹೋಗೋಣ ಎಂದಳು. ತೆಗೆದುಕೊಂಡೇ ಹೋದೆವು, ಚೀಲದ ಒಂದೊಂದು ತುದಿಯನ್ನು ಒಬ್ಬೊಬ್ಬರು ಹಿಡಿದು.

ಮಾವ ಜಗಲಿಯ ಮೇಲಿದ್ದರು. ಕೆಲಸ ಹೋಯಿತು ಎಂದು ಅವಳೇ ಹೇಳಿದಳು. ಯಾಕೆ ಎಂದು ಅವರು ಕೇಳಿದಾಗ, ಕೆಲಸ ಕಮ್ಮಿಯಾಯಿತಂತೆ ಎಂದಳು. ಅವರು ಬೈಯಲಿಲ್ಲ, ಹಂಗಿಸಲೂ ಇಲ್ಲ. ತಮ್ಮನ ಮಗಳಿಗೆ ಬರಬೇಡ ಎಂದು ಹೇಳಿ ಕಳಿಸಿದರು.

ಮರುವಾರ ನನ್ನ ಪರ್ಮನೆಂಟ್ ಕಾಗದ ಕೈಗೆ ಬಂತು. ಜೊತೆಗೆ ಇನ್ನೊಂದು ಕೆಲಸವೂ. ಅವಳ ಪಾಲಿನ ಪಟ್ಟಿಯನ್ನು ಮೊದಲಿನಿಂದ ಮಾಡಬೇಕು, ಆ ಪದಗಳಿಗೆ ಪಳಗಿದ ಕಿವಿ ಆಫೀಸಿನಲ್ಲಿ ನನ್ನದೊಂದೇ. ಸೂಪರ್‌ವೈಸರ್ ಎರಡನೇ ಕ್ಯಾಸೆಟ್ಟುಗಳ ಡಬ್ಬಿಯನ್ನು ನನ್ನ ಮೇಜಿನ ಮೇಲೆ ತಂದಿಟ್ಟರು.

ಮೊದಲ ಕ್ಯಾಸೆಟ್ ಹಾಕಿದೆ. ಮುದುಕನ ದನಿ. ಒಂದು ಪದ ಹೇಳಿ, ಉಸಿರು ತೆಗೆದುಕೊಂಡು, ಇನ್ನೊಂದು ಪದ. ನಡುವೆ ಕೆಮ್ಮು. ಕುರ್ಚಿಯ ಪದ ಬಂತು, 'ಕುಂ' ಮೇಲೆ ಒತ್ತು. ಟೆಲಿಫೋನಿನ ಪದ ಬಂತು, ಒತ್ತು ಮೊದಲಿಗೇ. ಆಲೂಗಡ್ಡೆ ಹೊಲ ಬಂತು. ಸಂಕೋಚವೇ ಇಲ್ಲದೆ ಆತ 'ಪೊ' ಎಂದು ಎತ್ತಿಹಾಕಿ ಬಡಿದ. ತನ್ನ ಹೊಲದ ಹೆಸರನ್ನು ಬೇರೆ ಯಾರೂ ತಿದ್ದಬಾರದು ಅನ್ನುವಂತಿತ್ತು. ನಾನು ಟೇಪನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದೆ. ನಾಲ್ಕು ಸಲ ಕೇಳಿದೆ. ಹೆಡ್‌ಫೋನ್ ತೆಗೆದಿಟ್ಟು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ವಾಪಸು ಬಂದು ಆ ಪದಕ್ಕೆ ಸರಿಯಾದ ಗುರುತು ಹಾಕಿದೆ. ಹಾಗೆ ಅವಳು ಕೇಳಿದ್ದೆಲ್ಲ ನನ್ನ ಹೆಸರಿನಲ್ಲಿ ನಾರ್ವೆಗೆ ಹೋಯಿತು.

ಅಂದು ಸಂಜೆ ಬಸ್ಸಿಗೆ ಕಾಯದೆ ಅರ್ಧ ದಾರಿ ನಡೆದೇ ಬಂದೆ. ಅವಳು ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು. ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲಿ ನಿಂತೆ.

"ನಿನ್ನ ಕ್ಯಾಸೆಟ್ ಇವತ್ತು ಕೇಳಿದೆ," ಎಂದೆ. "ನೀನು ಹೇಳಿದ್ದೇ ಸರಿಯಿತ್ತು. ಎಲ್ಲಾನೂ."

ಅವಳ ಕೈ ನಿಲ್ಲಲಿಲ್ಲ. "ಗೊತ್ತಿತ್ತು ಅಕ್ಕ."

"ಮತ್ತೆ ಯಾಕೆ ಒಪ್ಕೊಂಡೆ?"

"ನೀವು ಒಪ್ತಿರ್ಲಿಲ್ವಲ್ಲ."

ಕೋಪದ ದನಿಯಲ್ಲ ಅದು. ಹಸು ಈ ಹೊತ್ತಿನಲ್ಲಿ ಇಷ್ಟೇ ಹಾಲು ಕೊಡುತ್ತದೆ ಎಂದು ಹೇಳುವವರ ದನಿ. ಹಾಲಿನ ಪಾತ್ರೆಯನ್ನು ಪಕ್ಕಕ್ಕೆ ಸರಿಸಿ, ಕೈಯನ್ನು ಸೆರಗಿಗೆ ಒರೆಸಿಕೊಂಡು, ಆ ದಿನ ಕಾರಿಡಾರಿನಲ್ಲಿ ನೋಡಿದಂತೆಯೇ ನನ್ನನ್ನು ನೋಡಿದಳು.

"ಇದನ್ನ ಸಾರ್ ಅತ್ರ ಏಳಿದ್ರಾ?"

ನನ್ನ ಕೈ ಬ್ಯಾಗಿನ ಜಿಪ್ಪನ್ನು ಎಳೆಯುತ್ತಿತ್ತು, ಮುಚ್ಚುತ್ತಿತ್ತು. "ಇಲ್ಲ. ನಾಳೆ ಹೇಳ್ತೀನಿ. ನಾಳೆ ಹೋದ ತಕ್ಷಣ."

ಅವಳು ತಲೆ ಓರೆ ಮಾಡಿದಳು, ಕ್ಯಾಸೆಟ್ಟಿನಲ್ಲಿ ಒಂದು ಪದ ಮುಗಿದು ಇನ್ನೊಂದು ಬರುವವರೆಗೆ ಆಲಿಸುತ್ತಾ ಕೂರುತ್ತಿದ್ದ ಹಾಗೆ. ಆಮೇಲೆ, "ಊಂ, ಸರಿ ಅಕ್ಕ," ಎಂದು ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ನನ್ನ ಮಾತೂ ಅವಳಿಗೆ ಸರಿಯಾಗಿಯೇ ಕೇಳಿಸಿತ್ತು. ಮರುದಿನ ನಾನು ಹೇಳಲಿಲ್ಲ.